ಅಂಟು ಹಚ್ಚುವ ಮೊದಲು

ನಾನು ಮಾಡಿದ ಮೊದಲ ಸೊಪ್ರಾನೋ ಉಕುಲೇಲೆಗೆ (ಗಿಟಾರಿನಂಥ ಪುಟ್ಟ ವಾದ್ಯ) ನಾಲ್ಕು ತಂತಿಗಳನ್ನು ಕಟ್ಟಿ ಶ್ರುತಿಗೆ ತಂದಾಗ, 12ನೆಯ ಫ್ರೆಟ್ಟಿನ (ಕತ್ತಿನ ಮೇಲೆ ಅಡ್ಡಲಾಗಿ ಕೂರುವ ಲೋಹದ ಗೀಟು) ಮೇಲೆ ತಂತಿ 4 ಮಿಲಿಮೀಟರ್ ಎತ್ತರದಲ್ಲಿತ್ತು. ಇರಬೇಕಾದದ್ದು ಎರಡೂವರೆ. ತಂತಿ ಅಷ್ಟು ಮೇಲಿದ್ದರೆ ಬೆರಳು ನೋಯುವುದಷ್ಟೇ ಅಲ್ಲ, ಒತ್ತುವಾಗ ತಂತಿ ಹೆಚ್ಚು ಬಿಗಿದುಕೊಂಡು ಸ್ವರವೇ ಏರಿಬಿಡುತ್ತದೆ. ಸ್ಯಾಡಲ್ಲನ್ನು, ಅಂದರೆ ಒಡಲಿನ ಮೇಲಿನ ಬ್ರಿಜ್ ಎಂಬ ಮರದ ತುಂಡಿನಲ್ಲಿ ಕೂತು ತಂತಿಗಳನ್ನು ಹೊರುವ ಪಟ್ಟಿಯನ್ನು, ಉಜ್ಜಿ ತಗ್ಗಿಸೋಣವೆಂದರೆ, ಅಲ್ಲಿ 1 ಮಿ.ಮೀ. ತೆಗೆದರೆ 12ನೆಯ ಫ್ರೆಟ್ಟಿನಲ್ಲಿ ಇಳಿಯುವುದು ಅದರ ಅರ್ಧ ಮಾತ್ರ. ನನಗೆ 3 ಮಿ.ಮೀ. ತೆಗೆಯಬೇಕಿತ್ತು, ಬ್ರಿಜ್ಜಿನ ಮೇಲೆ ಕಾಣುತ್ತಿದ್ದ ಸ್ಯಾಡಲ್ ಇದ್ದದ್ದೇ ಅಷ್ಟು.

ತಪ್ಪು ಕತ್ತಿನಲ್ಲಿತ್ತು. ಅಂಟು ಹಾಕುವಾಗ ಅದು ಮುಂದಕ್ಕೆ ಒಂದು ಡಿಗ್ರಿಯಷ್ಟು ವಾಲಿತ್ತು. 350 ಮಿ.ಮೀ. ತಂತಿಯುದ್ದದ ವಾದ್ಯದಲ್ಲಿ, ಕತ್ತು ಒಡಲನ್ನು ಸೇರುವ 12ನೆಯ ಫ್ರೆಟ್ಟಿನಿಂದ ಸ್ಯಾಡಲ್ಲಿಗೆ 175 ಮಿ.ಮೀ. ದೂರವಿರುವುದರಿಂದ, ಆ ಒಂದು ಡಿಗ್ರಿ ಅಲ್ಲಿ ಸುಮಾರು 3 ಮಿ.ಮೀ. ಆಗುತ್ತದೆ.

ಆದ್ದರಿಂದ ಎರಡನೆಯದಕ್ಕೆ ಲೆಕ್ಕವನ್ನು ಮೊದಲೇ ಹಾಕಿದೆ. ಬೀಟೆಯ ಫಿಂಗರ್‌ಬೋರ್ಡ್, ಅಂದರೆ ಬೆರಳೊತ್ತುವ ಹಲಗೆ, 5 ಮಿ.ಮೀ. (ನಮ್ಮ ಮಲೆನಾಡಿನ ಈ ಮರವೇ ಇಂಡಿಯನ್ ರೋಸ್‌ವುಡ್ ಎಂಬ ಹೆಸರಿನಲ್ಲಿ ಜಗತ್ತಿನ ಗಿಟಾರುಗಳಿಗೆ ಹೋಗುತ್ತದೆಂಬುದು ನನಗೆ ಹೆಮ್ಮೆಯ ಸಂಗತಿ), ಫ್ರೆಟ್ 1 ಮಿ.ಮೀ., ಫ್ರೆಟ್ಟುಗಳ ಮಟ್ಟದಿಂದ ಸ್ಯಾಡಲ್ಲಿನ ತುದಿಗೆ ನಾಲ್ಕೂವರೆ: ಒಡಲಿನ ಮೇಲ್ಹಲಗೆಯಿಂದ ಒಟ್ಟು ಹತ್ತೂವರೆ. ಅದರಲ್ಲಿ ಬ್ರಿಜ್ ಏಳೂವರೆ, ಸ್ಯಾಡಲ್ 3. ಕತ್ತನ್ನೂ ಫಿಂಗರ್‌ಬೋರ್ಡನ್ನೂ ಅಂಟಿಲ್ಲದೆ ಹಿಡಿಕೆಗಳಿಂದ (ಕ್ಲ್ಯಾಂಪುಗಳಿಂದ) ಬಿಗಿದು, ಫ್ರೆಟ್ಟುಗಳ ಮೇಲೆ ಉಕ್ಕಿನ ಪಟ್ಟಿಯನ್ನಿಟ್ಟು ಬ್ರಿಜ್ ಕೂರುವ ಜಾಗದವರೆಗೆ ಚಾಚಿದರೆ, ಪಟ್ಟಿಗೂ ಮೇಲ್ಹಲಗೆಗೂ ನಡುವೆ 6 ಮಿ.ಮೀ. ಸಂದು ಸಿಗಬೇಕು. ನನಗೆ ಮೊದಲು ಸಿಕ್ಕಿದ್ದು ಐದು. ಕತ್ತಿನ ಬುಡದಲ್ಲಿ ಹಿಂಬದಿ ಹಲಗೆಯ ಕಡೆಗಿನ ಅಂಚನ್ನು ಉಜ್ಜುಕಾಗದದಿಂದ ಎರಡೆರಡು ಎಳೆತ ಉಜ್ಜುವುದು, ಮತ್ತೆ ಬಿಗಿದು ಅಳೆಯುವುದು. ಹೀಗೆ ಒಂದು ಸಂಜೆ ಪೂರ್ತಿ ಹೋಯಿತು. ಸಾಮಾನ್ಯವಾಗಿ ಉಕುಲೇಲೆಯ ಕತ್ತಿನೊಳಗೆ ಆಮೇಲೆ ತಿರುಗಿಸಿ ಸರಿಪಡಿಸುವ ಸರಳು ಇರುವುದಿಲ್ಲವಾದ್ದರಿಂದ, ಆ ಸಂಜೆಯನ್ನು ಉಳಿಸಲು ಹೋಗಬಾರದು.

ಕತ್ತಿನ ತುದಿಯಲ್ಲಿ ತಂತಿಗಳನ್ನು ಹೊರುವ ನಟ್ಟಿನ ಕೆಲಸ ಕೊನೆಗೆ. ಮೊದಲ ಫ್ರೆಟ್ ನಟ್ಟಿನಿಂದ 20 ಮಿ.ಮೀ. ಕೂಡ ದೂರವಿಲ್ಲದ ಕಾರಣ, ಅಲ್ಲಿ ತಂತಿ ಕೂದಲೆಳೆಯಷ್ಟು ಮೇಲಿದ್ದರೂ ಮೊದಲ ಸ್ವರ ಅಪಸ್ವರವಾಗುತ್ತದೆ. 2 ಮತ್ತು 3ನೆಯ ಫ್ರೆಟ್ಟುಗಳ ನಡುವೆ ತಂತಿಯನ್ನು ಒತ್ತಿ ಹಿಡಿದಾಗ ಮೊದಲ ಫ್ರೆಟ್ಟಿನ ಮೇಲೆ ಒಂದು ಕಾಗದ ತೂರುವಷ್ಟು ಜಾಗ ಉಳಿಯುವವರೆಗೆ ನಟ್ಟಿನಲ್ಲಿ ತಂತಿ ಕೂರುವ ಸೀಳನ್ನು ಸಣ್ಣ ಅರದಿಂದ ಇಳಿಸಿದೆ.

ಅಂಟು ಒಣಗಿ ಹಿಡಿಕೆಗಳನ್ನು ಬಿಚ್ಚಿದ ಮೇಲೆಯೂ ಪಟ್ಟಿಯ ಕೆಳಗೆ ಅದೇ 6 ಮಿ.ಮೀ. ಇತ್ತು. ಈಗ ತಂತಿ 12ನೆಯ ಫ್ರೆಟ್ಟಿನ ಮೇಲೆ ಎರಡೂವರೆಯಲ್ಲಿ ನಿಂತಿದೆ.