ಬೂದಿಯ ಕಂಬದಲ್ಲಿ ಮಿಂಚು ಹುಟ್ಟುವ ಬಗೆ

ಜ್ವಾಲಾಮುಖಿಯಿಂದ ಮೇಲೇಳುವ ಕಪ್ಪು ಕಂಬದೊಳಗೆ ಮಿಂಚು ಹರಿದಾಡುವ ಚಿತ್ರಗಳನ್ನು ನೋಡಿದ ಹಲವರು, ಅಕ್ಕಪಕ್ಕದಲ್ಲೆಲ್ಲೋ ಮಳೆಮೋಡ ಇದ್ದಿರಬೇಕೆಂದು ಊಹಿಸುತ್ತಾರೆ. ಆಕಾಶ ಶುಭ್ರವಾಗಿದ್ದಾಗಲೂ ಈ ಮಿಂಚು ಹೊಳೆಯುತ್ತದೆ; ಅದಕ್ಕೆ ಬೇಕಾದ ವಿದ್ಯುತ್ತು ಬೂದಿಯಲ್ಲೇ ಹುಟ್ಟುತ್ತದೆ. ಕ್ರಿ.ಶ. 79ರಲ್ಲಿ ವೆಸುವಿಯಸ್ ಸಿಡಿದಾಗ ಕಪ್ಪು ಮೋಡವನ್ನು ಸೀಳಿ ಹೊರಬಂದ, ಮಿಂಚಿನಂತಿದ್ದರೂ ಅದಕ್ಕಿಂತ ದೊಡ್ಡದಾದ ಜ್ವಾಲೆಗಳನ್ನು ರೋಮನ್ ಲೇಖಕ ಕಿರಿಯ ಪ್ಲಿನಿ ತನ್ನ ಪತ್ರದಲ್ಲಿ ವರ್ಣಿಸಿದ್ದಾನೆ.

ಶಿಲಾಪಾಕದಲ್ಲಿ, ಅಂದರೆ ನೆಲದಡಿಯ ಕರಗಿದ ಶಿಲೆಯಲ್ಲಿ, ಬೆರೆತಿದ್ದ ನೀರಾವಿ ಮುಂತಾದ ಅನಿಲಗಳು ಒತ್ತಡ ಇಳಿದೊಡನೆ ಹಿಗ್ಗಿ ಅದನ್ನು ಬೂದಿಯ ಕಣಗಳಾಗಿ ಛಿದ್ರಗೊಳಿಸುತ್ತವೆ. ಹಾಗೆ ಬಿರಿದ ಮೇಲ್ಮೈಗಳಿಂದ ಎಲೆಕ್ಟ್ರಾನುಗಳೂ ಅಯಾನುಗಳೂ ಹೊರಚಿಮ್ಮುವುದರಿಂದ, ಕಣಗಳು ಜ್ವಾಲಾಮುಖಿಯ ಬಾಯಿ ದಾಟುವಾಗಲೇ ವಿದ್ಯುತ್ ಆವೇಶ (ಚಾರ್ಜ್) ಪಡೆದಿರುತ್ತವೆ. ಆಮೇಲೆ ಪರಸ್ಪರ ಉಜ್ಜಾಟ. ಒಣಕೂದಲಿಗೆ ಬಾಚಣಿಗೆ ಉಜ್ಜಿದಾಗ ಆಗುವಂಥದೇ ಕ್ರಿಯೆ ಇದು ಎನ್ನಬಹುದಾದರೂ ಅಲ್ಲಿ ಉಜ್ಜಿಕೊಳ್ಳುವ ವಸ್ತುಗಳು ಬೇರೆ ಬೇರೆ, ಇಲ್ಲಿ ಎರಡೂ ಒಂದೇ ಶಿಲೆಯ ಚೂರುಗಳು. ಒಂದೇ ವಸ್ತುವಿನ ಎರಡು ಕಣಗಳು ಡಿಕ್ಕಿ ಹೊಡೆದಾಗ ಸಾಮಾನ್ಯವಾಗಿ ಚಿಕ್ಕದು ಋಣಾವೇಶವನ್ನೂ ದೊಡ್ಡದು ಧನಾವೇಶವನ್ನೂ ಪಡೆಯುತ್ತದೆ. ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಕುತೂಹಲಕರವೆನಿಸುವ ಸಂಗತಿ ಇದೇ, ಏಕೆಂದರೆ ಮುಂದಿನದೆಲ್ಲ ಈ ಗಾತ್ರಭೇದದ ಮೇಲೆಯೇ ನಿಂತಿದೆ.

ಧನ ಮತ್ತು ಋಣ ಆವೇಶಗಳು ಒಟ್ಟಿಗೇ ಕಲಸಿಕೊಂಡಿದ್ದರೆ ಮಿಂಚು ಹುಟ್ಟಲಾರದು. ಅವು ದೂರ ಸರಿಯಬೇಕು. ದಪ್ಪ ಕಣಗಳು ಬೇಗನೆ ಕೆಳಗಿಳಿಯುತ್ತವೆ, ನುಣ್ಣನೆಯ ಬೂದಿ ಬಿಸಿ ಅನಿಲದೊಂದಿಗೆ ಮೇಲೇರುತ್ತದೆ, ಸುಳಿಗಾಳಿಗಳು ಈ ವಿಂಗಡಣೆಗೆ ನೆರವಾಗುತ್ತವೆ. ಹೀಗೆ ಬೇರ್ಪಟ್ಟ ಆವೇಶಗಳ ನಡುವಿನ ವಿದ್ಯುತ್ ಕ್ಷೇತ್ರವನ್ನು ಗಾಳಿ ತಾಳಲಾರದ ಹಂತದಲ್ಲಿ ಕಿಡಿ ಹಾರುತ್ತದೆ. ಮ್ಯೂನಿಕ್‌ನ ಪ್ರಯೋಗಾಲಯವೊಂದರಲ್ಲಿ ವಿಜ್ಞಾನಿಗಳು ನಿಜವಾದ ಜ್ವಾಲಾಮುಖಿ ಬೂದಿಯನ್ನು ಅಧಿಕ ಒತ್ತಡದ ಕೊಳವೆಯಿಂದ ಹಠಾತ್ತನೆ ಚಿಮ್ಮಿಸಿ, ಗುಡುಗುಮೋಡದಲ್ಲಿ ಆವೇಶ ಹುಟ್ಟಿಸುವ ಮಂಜುಗಡ್ಡೆಯ ಸುಳಿವೇ ಇಲ್ಲದೆ ಪುಟ್ಟ ಮಿಂಚುಗಳನ್ನು ಸೃಷ್ಟಿಸಿದ್ದಾರೆ. ಬೂದಿ ನುಣ್ಣಗಿದ್ದಷ್ಟೂ ಕಿಡಿಗಳ ಸಂಖ್ಯೆ ಹೆಚ್ಚಿತ್ತು.

2009ರಲ್ಲಿ ಅಲಾಸ್ಕಾದ ರೆಡೌಟ್ ಜ್ವಾಲಾಮುಖಿ ಸಿಡಿಯುವ ಸೂಚನೆ ದೊರೆತಾಗ, ಮಿಂಚಿನ ರೇಡಿಯೊ ತರಂಗಗಳನ್ನು ಹಿಡಿಯುವ ಉಪಕರಣಗಳನ್ನು ಮೊದಲೇ ಅಳವಡಿಸಲಾಗಿತ್ತು. ಸ್ಫೋಟದ ಆರಂಭದಲ್ಲೇ ಬಾಯಿಯ ಬಳಿಯಿಂದ ಅಸಂಖ್ಯ ಕಿರುಕಿಡಿಗಳ ಎಡೆಬಿಡದ ಸಂಕೇತ ಬಂತು. ಕಿಲೋಮೀಟರುಗಟ್ಟಲೆ ಉದ್ದದ ಮಿಂಚುಗಳು ಕಾಣಿಸಿದ್ದು ಕಂಬ ಮೇಲೇರಿ ಹರಡಿದ ಮೇಲೆ.

ಆ ಎತ್ತರದಲ್ಲಿ ಮಂಜುಗಡ್ಡೆಯೂ ಸೇರಿಕೊಳ್ಳುತ್ತದೆ. ಕಂಬದಲ್ಲಿರುವ ನೀರಾವಿ ತಣಿದು ಬೂದಿಕಣಗಳ ಮೇಲೆ ಹೆಪ್ಪುಗಟ್ಟುತ್ತದೆ, ಹಿಮಕಣಗಳ ಡಿಕ್ಕಿಯಿಂದ ಗುಡುಗುಮೋಡದಲ್ಲಿ ಆಗುವಂತೆಯೇ ಆವೇಶ ಹುಟ್ಟುತ್ತದೆ. 2010ರಲ್ಲಿ ಐಸ್‌ಲೆಂಡಿನ ಏಯಾಫ್ಯಾಟ್ಲಯೋಕುಟ್ಲ್ ಸಿಡಿದಾಗ, ಕಂಬದ ತುದಿಯ ಉಷ್ಣತೆ ಸುಮಾರು –20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗಲೇ ಮಿಂಚು ಹೆಚ್ಚಾಗಿ ದಾಖಲಾಯಿತು. ನೀರಿನ ಪಾತ್ರ ಎಷ್ಟು ದೊಡ್ಡದೆಂಬುದು 2022ರ ಜನವರಿ 15ರಂದು ಟೊಂಗಾದ ಸಮುದ್ರದಾಳದ ಜ್ವಾಲಾಮುಖಿಯಲ್ಲಿ ಕಂಡಿತು: ಕಂಬವು 50 ಕಿ.ಮೀ.ಗಿಂತ ಮೇಲೇರಿತು, ಸುಮಾರು 2 ಲಕ್ಷ ಮಿಂಚುಗಳು ದಾಖಲಾದವು, ಅದರಲ್ಲೂ ಒಂದು ಹಂತದಲ್ಲಿ ನಿಮಿಷಕ್ಕೆ 2,600ಕ್ಕೂ ಹೆಚ್ಚು. ಮಿಂಚುಗಳು ಬೂದಿಮೋಡದಲ್ಲಿ ಹೊರಕ್ಕೆ ಹಿಗ್ಗುವ ಬೃಹತ್ ಬಳೆಗಳ ಆಕಾರದಲ್ಲಿ ಹರಡಿದ್ದವು.

ಮಿಂಚು ಹಾಯ್ದ ದಾರಿಯಲ್ಲಿದ್ದ ಬೂದಿ ಕ್ಷಣಾರ್ಧದಲ್ಲಿ ಕರಗಿ, ಮರಳಿ ಗಟ್ಟಿಯಾಗಿ, ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಗಾಜಿನ ಗುಂಡುಗಳಾಗುತ್ತದೆ. ರೆಡೌಟ್ ಮತ್ತು ಐಸ್‌ಲೆಂಡಿನ ಬೂದಿಯಲ್ಲಿ ಇವು ದೊರೆತಿವೆ.

ಈ ಜ್ಞಾನದ ನೇರ ಪ್ರಯೋಜನ, ಬೂದಿಮೋಡದಿಂದ ದೂರವಿರಬೇಕಾದ ವಿಮಾನಯಾನಕ್ಕೆ. ರಾತ್ರಿಯಲ್ಲಿ ಅಥವಾ ಮೋಡ ಮುಸುಕಿದಾಗ, ಜನವಸತಿಯಿಲ್ಲದ ದ್ವೀಪದಲ್ಲಿ ಸ್ಫೋಟವಾದರೂ, ಅದರ ಮಿಂಚಿನ ರೇಡಿಯೊ ಅಲೆಗಳು ಸಾವಿರಾರು ಕಿ.ಮೀ. ದೂರದ ಗ್ರಾಹಕಗಳನ್ನು ತಲುಪಬಲ್ಲವು. ಆದರೂ ಇದನ್ನೊಂದೇ ನೆಚ್ಚಿಕೊಳ್ಳುವುದು ಸರಿಯಲ್ಲ: ಶಾಂತವಾಗಿ ಲಾವಾ ಹರಿಸುವ ಜ್ವಾಲಾಮುಖಿ ಮಿಂಚದೆಯೂ ಇರಬಹುದು, ಮಿಂಚಿನ ಎಣಿಕೆಯೊಂದರಿಂದಲೇ ಗಾಳಿಯಲ್ಲಿ ಎಷ್ಟು ಬೂದಿಯಿದೆಯೆಂದು ಹೇಳಲೂ ಬಾರದು.