ವಿಕ್ಲೋ ವೇ ನಡಿಗೆ: ಮೂರು ಶನಿವಾರ, 50 ಕಿ.ಮೀ.

ಡಬ್ಲಿನ್‌ನ ಮಾರ್ಲೆ ಪಾರ್ಕ್‌ನಿಂದ ಕಾರ್ಲೋ ಕೌಂಟಿಯ ಕ್ಲೋನಿಗಾಲ್ ಅನ್ನುವ ಹಳ್ಳಿವರೆಗೆ ಒಂದು ಕಾಲುದಾರಿ ಇದೆ. ಹೆಸರು ವಿಕ್ಲೋ ವೇ, ಉದ್ದ ಸುಮಾರು 130 ಕಿ.ಮೀ. ಪುರುಸೊತ್ತು ಇರುವವರು ಒಂದು ವಾರದಲ್ಲಿ ಮುಗಿಸುತ್ತಾರೆ. ನಮ್ಮದು ತುಂಡು ಲೆಕ್ಕ. ನಾನು, ಇಲ್ಲಿ ಓದುತ್ತಿರುವ ಅಕ್ಕನ ಮಗ, ಎರಡು ಡಬ್ಬಿ ಪುಳಿಯೋಗರೆ. ಬಸ್ಸಿಳಿದಲ್ಲಿಂದ ನಡೆದು, ಬಸ್ಸು ಸಿಗುವ ಊರಲ್ಲಿ ನಿಲ್ಲಿಸುವುದು.

ಮೊದಲ ಶನಿವಾರ, ಏಪ್ರಿಲ್ ಕೊನೆ. ಕಿಲ್ಮಶೋಗ್ ಗುಡ್ಡ ಹತ್ತಿ ತಿರುಗಿ ನೋಡಿದರೆ ಇಡೀ ಡಬ್ಲಿನ್ ಕೊಲ್ಲಿ ಕೆಳಗೆ. ದಾರಿ ಬದಿಯೆಲ್ಲ ಗೋರ್ಸ್ ಮುಳ್ಳುಪೊದೆ, ಹಳದಿ ಹೂವು, ಮೂಗಿಗೆ ಹಸಿ ಕೊಬ್ಬರಿ ತುರಿದ ಹಾಗೆ ಪರಿಮಳ. ದಾರಿ ತಪ್ಪುವ ಭಯವಿಲ್ಲ. ಕಪ್ಪು ಕಂಬದ ಮೇಲೆ ಹಳದಿ ಬಣ್ಣದ ನಡೆಯುವ ಮನುಷ್ಯ ಅಲ್ಲಲ್ಲಿ ಸಿಗುತ್ತಾನೆ. ಸಂಜೆ ಎನಿಸ್ಕೆರಿಗೆ ಇಳಿದು ಬಸ್ಸು ಹಿಡಿದೆವು. ಕಾಲಿಗೆ ಬೊಬ್ಬೆ ಎರಡು.

ಎರಡನೇ ಶನಿವಾರದ್ದೇ ಕಥೆ. ನಾನು ತೀರ್ಥಹಳ್ಳಿ ಕಡೆಯವಳು. ಆಗುಂಬೆ ಮಳೆ ನೋಡಿದವಳಿಗೆ ಈ ಐರಿಶ್ ಸೋನೆ ಯಾವ ಲೆಕ್ಕ ಅಂತ ಜಂಬ ಇತ್ತು. ಓಡುವ ಶೂ ಹಾಕಿಕೊಂಡೇ ಹೊರಟೆ. ಕ್ರೋನ್ ಕಾಡಿನವರೆಗೂ ಜಂಬ ನಡೆಯಿತು. ಕಣಿವೆಯಾಚೆ ಪವರ್ಸ್‌ಕೋರ್ಟ್ ಜಲಪಾತ, 121 ಮೀಟರ್. ಜೋಗ ನೆನೆಸಿಕೊಂಡು ನಾವಿಬ್ಬರೂ ಸ್ವಲ್ಪ ನಕ್ಕೆವು. ತಪ್ಪು. ಅದರ ಚಂದ ಬೇರೆ ಥರ.

ಜೌಸ್ ಗುಡ್ಡದ ಹೆಗಲು ದಾಟಿದ ಮೇಲೆ ಗೊತ್ತಾಯಿತು, ಇಲ್ಲಿ ಹೆದರಬೇಕಾದ್ದು ಮೇಲಿನ ನೀರಿಗಲ್ಲ, ಕೆಳಗಿನ ನೀರಿಗೆ. ಗುಡ್ಡದ ನೆತ್ತಿ ಪೂರ್ತಿ ಹುದುಲು. ನಮ್ಮಲ್ಲಿ ನೀರು ಇಳಿಜಾರು ಕಂಡರೆ ಹರಿದು ಹೋಗುತ್ತದೆ, ಅಲ್ವಾ? ಇಲ್ಲಿ ಸ್ಫಾಗ್ನಮ್ ಪಾಚಿ ಅದನ್ನು ಸ್ಪಂಜಿನಂತೆ ಹಿಡಿದಿಟ್ಟುಕೊಳ್ಳುತ್ತದೆ. ಚಳಿಗೆ, ತೇವಕ್ಕೆ ಸತ್ತ ಗಿಡ ಪೂರ್ತಿ ಕೊಳೆಯುವುದಿಲ್ಲ. ಸಾವಿರಾರು ವರ್ಷ ಹಾಗೇ ಪದರ ಪದರವಾಗಿ ಕೂತು ಕಪ್ಪು ಪೀಟ್ ಆಗುತ್ತದೆ. ಇದನ್ನೇ ಇಟ್ಟಿಗೆಯಂತೆ ಕಡಿದು, ಒಣಗಿಸಿ ಒಲೆಗೆ ಹಾಕುತ್ತಿದ್ದರು.

ಜನ ತುಳಿದು ಹುದುಲು ಹಾಳಾಗದಿರಲಿ ಅಂತ ರೈಲು ಹಳಿ ಕೆಳಗೆ ಹಾಕುವ ಮರದ ದಿಮ್ಮಿಗಳನ್ನು, ಹಳೆಯ ಸ್ಲೀಪರ್‌ಗಳನ್ನು, ಜೋಡಿಸಿ ಹಲಗೆದಾರಿ ಮಾಡಿದ್ದಾರೆ. ಅದರಿಂದ ಇಳಿಯಬಾರದು. ನಾನು ಇಳಿದೆ. ಬಿಳಿ ಹತ್ತಿ ಉಂಡೆಯಂಥ ಹೂವಿನ ಫೋಟೋ ಬೇಕಿತ್ತು, ಒಂದೇ ಹೆಜ್ಜೆ. ಎಡಗಾಲು ಮೊಣಕಾಲವರೆಗೆ ಹೋಯಿತು.

"ಚಿಕ್ಕೀ, ನಾಟಿ ಮಾಡ್ತಿದ್ಯಾ?" ಅಂದ ಅವನು. ಎಳೆದು ಮೇಲೆತ್ತಿದ್ದು ಆಮೇಲೆ.

ಕಾಲು ಬಂತು, ಶೂ ಬರಲಿಲ್ಲ. ಕೈ ಹಾಕಿ ತಡಕಾಡಿ ತೆಗೆಯಬೇಕಾಯಿತು. ದಾರಿಯ ಅತಿ ಎತ್ತರದ ಜಾಗ, 630 ಮೀಟರ್‌ನ ವೈಟ್ ಹಿಲ್ ಅನ್ನು ಪಚಕ್ ಪಚಕ್ ಅನ್ನಿಸಿಕೊಂಡು ದಾಟಿದೆ. ಲಾಕ್ ಟೇ ಸರೋವರದ ಮೇಲೆ ಜೆ.ಬಿ. ಮಲೋನ್ ನೆನಪಿನ ಕಲ್ಲಿದೆ. 1966ರಲ್ಲಿ ಈ ದಾರಿಯ ಯೋಚನೆ ಮುಂದಿಟ್ಟವರು ಅವರು. ಮೊದಲ ಭಾಗ ತೆರೆದದ್ದು 1980ರಲ್ಲಿ. ಆ ಕಲ್ಲಿನ ಹತ್ತಿರವೇ ಕೂತು ಸಾಕ್ಸ್ ಹಿಂಡಿದೆ. ಕೆಳಗೆ ಕಪ್ಪು ನೀರು, ಒಂದು ತುದಿಗೆ ಬಿಳಿ ಮರಳು. ನೊರೆ ತುಂಬಿದ ಗಿನ್ನಿಸ್ ಅನ್ನುವ ಕಪ್ಪು ಬಿಯರ್ ಲೋಟದ ಹಾಗೆ ಕಾಣುತ್ತದೆ ಅನ್ನುತ್ತಾರೆ. ನನಗೆ ಕಂಡದ್ದು ಫಿಲ್ಟರ್ ಕಾಫಿ.

ಮೂರನೇ ಶನಿವಾರ ರೌಂಡ್‌ವುಡ್‌ನಿಂದ ಗ್ಲೆಂಡಲಾಕ್, ಸುಮಾರು 12 ಕಿ.ಮೀ., ಆರಾಮ. ಹೊಸ ಬೂಟು ತಗೊಂಡಿದ್ದೆ, ನೆಲ ಒಣಗಿತ್ತು. ಹಾಗೇ ಆಗುವುದು. ಸಂತ ಕೆವಿನ್ ಆರನೇ ಶತಮಾನದಲ್ಲಿ ಮಠ ಕಟ್ಟಿದ ಕಣಿವೆ ಇದು. ಈಗಿರುವ 30 ಮೀಟರ್ ಎತ್ತರದ ದುಂಡು ಗೋಪುರ ಆಮೇಲಿನದು. ಅದರ ಬಾಗಿಲು ನೆಲದಿಂದ ಮೂರೂವರೆ ಮೀಟರ್ ಮೇಲಿದೆ, ಏಣಿ ಬೇಕು. ಮನೆಗೆ ಬಂದು ನೋಡಿದರೆ ಕಾಲಿಗೊಂದು ಉಣುಗು. ಇಂಬಳವಾದರೆ ಸುಣ್ಣ ಹಚ್ಚಿ ಸುಮ್ನಿರಬಹುದು. ಇದರಿಂದ ಲೈಮ್ ಕಾಯಿಲೆ ಬರಬಹುದು, ಚಿಮಟದಲ್ಲಿ ನೇರವಾಗಿ ಎಳೆದು ತೆಗೆಯಬೇಕು. ತೆಗೆದೆ. ಇನ್ನು ಮುಂದೆ ಪ್ಯಾಂಟು ಸಾಕ್ಸ್ ಒಳಗೆ.

ಮುಂದಿನದು ಗ್ಲೆನ್‌ಮಲೂರ್, 14 ಕಿ.ಮೀ. ಆದರೆ ಅಲ್ಲಿಂದ ವಾಪಸ್ ಬರಲು ಬಸ್ಸಿಲ್ಲ. "ನಡ್ಕೊಂಡೇ ವಾಪಸ್ ಬಂದ್ರಾಯ್ತು ಚಿಕ್ಕಿ, 28 ಅಷ್ಟೇ" ಅನ್ನುತ್ತಾನೆ. ಅವನಿಗೆ ಇಪ್ಪತ್ತೆರಡು. ನಾನು ಟ್ಯಾಕ್ಸಿ ವಿಚಾರಿಸುತ್ತಿದ್ದೇನೆ.