ಯುದ್ಧದ ದಿನ ಓದಿದ ಶಾಲೆಯ ವರದಿ

ಈಚೆಗೆ ಗಣಿತಜ್ಞರ ಜೀವನಚರಿತ್ರೆಗಳ ಹುಚ್ಚು ಹಿಡಿದಿದೆ. ಸದ್ಯ ತಲೆಯಲ್ಲಿ ಕೂತಿರುವವನು ಫ್ರಾನ್ಸಿನ ಕಾಂದೊರ್ಸೆ. ಕಲನಶಾಸ್ತ್ರ, ಸಂಭವನೀಯತೆ ಅಂತ ತನ್ನ ಪಾಡಿಗೆ ಇರಬಹುದಿತ್ತು. ಕ್ರಾಂತಿಯ ಗದ್ದಲದ ನಡುವೆ ಶಿಕ್ಷಣದ ವರದಿ ಬರೆಯಲು ಕೂತ ಪುಣ್ಯಾತ್ಮ! ಎಲ್ಲ ಹಂತದಲ್ಲೂ ಉಚಿತ ಶಿಕ್ಷಣ, ಹುಡುಗಿಯರಿಗೂ ಪಾಠ, ತರಗತಿಯಿಂದ ಧರ್ಮಬೋಧೆ ಹೊರಗೆ. 1792ರ ಏಪ್ರಿಲ್ 20ರಂದು ಅದನ್ನು ಫ್ರಾನ್ಸಿನ ಶಾಸನಸಭೆಯಲ್ಲಿ ಓದತೊಡಗಿದರೆ, ಅದೇ ದಿನ ಫ್ರಾನ್ಸ್ ಆಸ್ಟ್ರಿಯಾ ಮೇಲೆ ಯುದ್ಧ ಸಾರಿತು. ಉಳಿದದ್ದನ್ನು ಮರುದಿನ ಓದಿದ. ಇನ್ನು ಶಾಲೆಯ ಮಾತು ಕೇಳುವವರು ಯಾರು? 1794ರ ಮಾರ್ಚ್‌ನಲ್ಲಿ ಸೆರೆಮನೆಯಲ್ಲೇ ಸತ್ತ.

ಮರುವರ್ಷ ಪ್ಯಾರಿಸ್ಸಿನಲ್ಲಿ ಶಿಕ್ಷಕರನ್ನು ತಯಾರು ಮಾಡಲು ಎಕೋಲ್ ನಾರ್ಮಾಲ್ ಶುರುವಾಯಿತು. ಗಣಿತಕ್ಕೆ ಮೇಷ್ಟ್ರು ಯಾರು ಅಂತೀರಿ, ಆ ಕಾಲದ ದೊಡ್ಡ ಗಣಿತಜ್ಞರಾದ ಲಗ್ರಾಂಜ್, ಲಾಪ್ಲಾಸ್, ಮೋಂಜ್! ಎದುರಿಗೆ ಸಾವಿರಕ್ಕೂ ಹೆಚ್ಚು ಜನ. ಪಾಠವನ್ನು ಬರೆದು ತಂದು ಓದುವಂತಿಲ್ಲ, ಬಾಯಿಪಾಠ ಒಪ್ಪಿಸುವಂತಿಲ್ಲ, ಮಾತಾಡಿಯೇ ಕಲಿಸಬೇಕು. ಹೇಳಿದ್ದನ್ನೆಲ್ಲ ಶೀಘ್ರಲಿಪಿಕಾರರು ಬರೆದುಕೊಳ್ಳುತ್ತಿದ್ದರು. ನೋಟ್ಸ್ ಬರೆಸಿಯೇ ಪಾಠ ಮುಗಿಸುತ್ತಿದ್ದ ಮೇಷ್ಟ್ರುಗಳ ಕೈಯಲ್ಲಿ ಕಲಿತ ನನಗೆ ಈ ನಿಯಮ ಕಂಡು ಹೊಟ್ಟೆಕಿಚ್ಚು. ಶಾಲೆ ಕೆಲವೇ ತಿಂಗಳಲ್ಲಿ ಮುಚ್ಚಿತು, ನಿಜ. ಆದರೂ ಲಾಪ್ಲಾಸ್ ಚೀಟಿ ನೋಡದೆ ಸಂಭವನೀಯತೆ ವಿವರಿಸಿದ್ದನ್ನು ಹಿಂದಿನ ಬೆಂಚಿನಲ್ಲಾದರೂ ಕೂತು ಕೇಳಬೇಕಿತ್ತು.